ಮಾವನವರ ಸಂಜೆಯ ಪಾನಕ

ಮಾದೇವ, ರಾಗಿ ಡ್ರಮ್ಮಿನಿಂದ ಉರುಳಿ ಬಿದ್ದ ಆ ಬಾಟಲಿ ನಿನ್ನದಲ್ಲ. ನನ್ನದು.

ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು. ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಉಂಡಿದ್ದೇನೆ, ನಕ್ಕಿದ್ದೇನೆ, ನೆಂಟರ ಮನೆಯ ಮದುವೆಗಳಿಗೆ ಹೋಗಿ ತಾಂಬೂಲ ತೆಗೆದುಕೊಂಡು ಬಂದಿದ್ದೇನೆ. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕ ಮಾತು — ಅವತ್ತೇ ಆಡಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಬರುವ ಸೋಮವಾರ ನಿಮ್ಮ ಅಪ್ಪಾಜಿಯ ಎರಡನೇ ವರ್ಷದ ಪುಣ್ಯಸ್ಮರಣೆ. ನಮ್ಮೂರು ಕಲ್ಯದ ಮನೆಗೆ ನೆಂಟರೆಲ್ಲ ಬರುತ್ತಾರೆ. ಹೋದ ವರ್ಷದ ಹಾಗೆ ಈ ಸಲವೂ ನಿನ್ನನ್ನು ಕರೆಯಬಾರದು ಎಂದು ದೊಡ್ಡವರು ತೀರ್ಮಾನ ಮಾಡಿದ್ದಾರೆ. ಅಪ್ಪನಿಗೆ ಕೊಟ್ಟ ಮಾತು ಮುರಿದು ಕುಡಿದವನು, ಕೊರಳಿನ ಲಿಂಗ ಕಳೆದುಕೊಂಡವನು, ಅಪ್ಪನ ಸಮಾಧಿಯ ಹತ್ತಿರ ನಿಲ್ಲಬಾರದಂತೆ. ಮೊನ್ನೆ ನಮ್ಮ ಪಡಸಾಲೆಯಲ್ಲಿ ಕೂತು ಅವರು ಹೀಗೆ ಮಾತಾಡುತ್ತಿದ್ದಾಗ ಒಬ್ಬೊಬ್ಬರಿಗೂ ಕಾಫಿ ಕೊಟ್ಟವಳು ನಾನು. ಸಕ್ಕರೆ ಸಾಕಾ ಎಂದು ಕೇಳಿದೆ. ಅಷ್ಟೇ ಕೇಳಿದ್ದು.

ಇರಲಿ. ಮೊದಲಿನಿಂದ ಹೇಳುತ್ತೇನೆ. ನಿನ್ನ ಅತ್ತಿಗೆ ಎಂಥವಳು ಎಂದು ನಿನಗೆ ಪೂರ್ತಿ ತಿಳಿಯಲಿ.

ನಾನು ಕನಕಪುರ ರಸ್ತೆಯ ಒಂದು ರೆಸಾರ್ಟಿನಲ್ಲಿ ಆರು ವರ್ಷ ಕೆಲಸ ಮಾಡಿದೆನಲ್ಲ — ‘ಅಡುಗೆ ಸೆಕ್ಷನ್’ ಎಂದು ನಿಮಗೆಲ್ಲ ಹೇಳಿದ್ದೆ. ಮೊದಲ ಎರಡು ವರ್ಷ ಅದು ನಿಜ. ಆಮೇಲಿನ ನಾಲ್ಕು ವರ್ಷ ನಾನು ನಿಂತದ್ದು ಬಾರ್ ಕೌಂಟರಿನ ಹಿಂದೆ. ನಿನ್ನ ಅಣ್ಣನಿಗೂ ಇದು ಗೊತ್ತಿಲ್ಲ. ಈರುಳ್ಳಿ ಬೆಳ್ಳುಳ್ಳಿಗೂ ಲೆಕ್ಕ ಇಡುವ ಲಿಂಗವಂತರ ಮನೆಗೆ ಸೊಸೆಯಾಗಿ ಬಂದವಳು ಬಾಟಲಿಗಳ ನಡುವೆ ನಿಲ್ಲುತ್ತಾಳೆ ಎಂದರೆ ಯಾರು ಒಪ್ಪುತ್ತಾರೆ? ಸಂಬಳದ ಚೀಟಿಯಲ್ಲಿ ಆ ವಿಷಯ ಬರೆದಿರುತ್ತಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಅಲ್ಲಿ ಬಾರ್ ನೋಡಿಕೊಳ್ಳುತ್ತಿದ್ದವನು ಜೋಸೆಫ್, ಕೆಜಿಎಫ್ ಕಡೆಯವನು. ಕಲಿಸುವುದರಲ್ಲಿ ಎತ್ತಿದ ಕೈ. ಅವನು ನನಗೆ ಕಲಿಸಿದ ಮೊದಲ ಪಾನೀಯದ ಹೆಸರು ಬೀಸ್ ನೀಸ್. ಜೇನುನೊಣದ ಮೊಣಕಾಲು ಎಂದು ಅರ್ಥ ಹೇಳಿ ಅವನೇ ನಕ್ಕಿದ್ದ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಹೆಂಡ ಸಾರಾಯಿಯನ್ನೆಲ್ಲ ಸರಕಾರ ನಿಷೇಧ ಮಾಡಿತ್ತಂತೆ. ಜನ ಸುಮ್ಮನಿರುತ್ತಾರೆಯೇ? ಮನೆಯಲ್ಲೇ ಕದ್ದು ಜಿನ್ ಮಾಡಿಕೊಂಡರು. ಅದು ಕೆಟ್ಟ ನಾತ ಹೊಡೆಯುತ್ತಿತ್ತು. ಆ ನಾತ ಮುಚ್ಚಲು ಜೇನುತುಪ್ಪ, ನಿಂಬೆರಸ. ಪೊಲೀಸರು ಬಂದರೆ ಗೊತ್ತಾಗದ ಹಾಗೆ ಟೀ ಕಪ್ಪಿನಲ್ಲಿ ಹಾಕಿ ಕೊಡುತ್ತಿದ್ದರಂತೆ. ಮುಚ್ಚಿಡುವುದಕ್ಕೆಂದೇ ಹುಟ್ಟಿದ ಪಾನೀಯ ಅದು, ಮಾದೇವ. ನನ್ನ ಕೈಗೆ ಅದು ಸುಲಭವಾಗಿ ಬಂತು.

ಅಪ್ಪಾಜಿ ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾನು ಕೆಲಸ ಬಿಟ್ಟೆ. ಅತ್ತೆ ಇರಲಿಲ್ಲ, ನಿನ್ನ ಅಣ್ಣನದು ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಬೇರೆ ಯಾರು ನೋಡಿಕೊಳ್ಳಬೇಕು? ಬಿಟ್ಟುಬರುವ ದಿನ ಜೋಸೆಫ್ ಒಂದು ಜಿನ್ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಬೇಡ ಎನ್ನಬಹುದಿತ್ತು. ಬ್ಯಾಗಿನ ತಳಕ್ಕೆ ಇಟ್ಟುಕೊಂಡು ಮಾಗಡಿ ಬಸ್ಸು ಹತ್ತಿದೆ.

ಸಂಜೆಗಳು ನನಗೆ ಕಷ್ಟವಾಗುತ್ತಿದ್ದವು. ಬೆಳಗಿನಿಂದ ಬೆಡ್‌ಪ್ಯಾನು, ಗಂಜಿ, ಹಾಲು ಕರೆಯುವುದು, ಸಗಣಿ — ಆರು ಗಂಟೆಯ ಹೊತ್ತಿಗೆ, ನಾನು ಯಾರು ಎಂದು ನನಗೇ ಮರೆತು ಹೋಗಿರುತ್ತಿತ್ತು. ಆಗ ಅಡುಗೆಮನೆ ಬಾಗಿಲು ಓರೆ ಮಾಡಿ ಒಂದು ಲೋಟ ಮಾಡಿಕೊಳ್ಳುತ್ತಿದ್ದೆ. ಜೇನನ್ನು ಹಾಗೇ ಹಾಕಬಾರದು, ಐಸಿಗೆ ಮೆತ್ತಿಕೊಂಡು ಗಟ್ಟಿಯಾಗಿಬಿಡುತ್ತದೆ. ಮೊದಲು ಬಿಸಿನೀರಿನಲ್ಲಿ ಕದಡಿ ತೆಳ್ಳಗೆ ಮಾಡಿಕೊಳ್ಳಬೇಕು. ನಿಂಬೆಯನ್ನು ಆಗಷ್ಟೇ ಹಿಂಡಬೇಕು. ಅಲುಗಾಡಿಸಲು ನನ್ನ ಹತ್ತಿರ ಇದ್ದದ್ದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಐಸಿನ ಸದ್ದು ಪಡಸಾಲೆಗೆ ಕೇಳಬಾರದೆಂದು ಮಿಕ್ಸಿ ಹಾಕುತ್ತಿದ್ದೆ, ಒಳಗೆ ಏನೂ ಇಲ್ಲದ ಖಾಲಿ ಮಿಕ್ಸಿ. ಸ್ಟೀಲ್ ಲೋಟಕ್ಕೆ ಸೋಸಿಕೊಂಡು, ಒಲೆಯ ಪಕ್ಕ ನಿಂತು, ನಿಧಾನವಾಗಿ ಕುಡಿಯುತ್ತಿದ್ದೆ. ನನ್ನ ಕೈಗೆ ಏನೋ ಗೊತ್ತಿದೆ ಎಂದು ಇಡೀ ದಿನದಲ್ಲಿ ಅನ್ನಿಸುತ್ತಿದ್ದದ್ದು ಅದೊಂದೇ ಹೊತ್ತು.

ಆ ಜೇನು ನೀನು ತಂದದ್ದು. ಸಾವನದುರ್ಗದ ಕಡೆಯ ಒಬ್ಬರಿಂದ ತಿಂಗಳಿಗೊಂದು ಬಾಟಲಿ ತಂದು, ‘ಅಪ್ಪಾಜಿಗೆ ನಿಂಬೆಹಣ್ಣಿನ ಜೊತೆ ಕೊಡಿ ಅತ್ಗೆ’ ಎನ್ನುತ್ತಿದ್ದೆ. ನಾನು ಕೊಡುತ್ತಲೂ ಇದ್ದೆ. ದಿನಾ ಸಂಜೆ, ಅವರ ಪೂಜೆ ಮುಗಿದ ಮೇಲೆ, ಒಂದು ಲೋಟ ಜೇನು ನಿಂಬೆಯ ನೀರು.

ಒಂದು ಸಂಜೆ ಎರಡು ಲೋಟವೂ ಅಡುಗೆಮನೆ ಕಟ್ಟೆಯ ಮೇಲೆ ಇದ್ದವು. ಒಂದು ಅವರದು, ಒಂದು ನನ್ನದು. ಅಷ್ಟರಲ್ಲಿ ಬೀದಿ ನಲ್ಲಿಯಲ್ಲಿ ನೀರು ಬಂತೆಂದು ಯಾರೋ ಕೂಗಿದರು, ಬಿಂದಿಗೆ ಎತ್ತಿಕೊಂಡು ಓಡಿದೆ. ವಾಪಸು ಬಂದಾಗ ಅಪ್ಪಾಜಿ ವಾಕರ್ ಹಿಡಿದು ತಾವೇ ಅಡುಗೆಮನೆಯವರೆಗೆ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರ ಕೈಯಲ್ಲಿ ನನ್ನ ಲೋಟ.

ನಿನಗೆ ಗೊತ್ತು, ಲಿಂಗಕ್ಕೆ ತೋರಿಸದೆ ಅವರು ಒಂದು ಗುಟುಕು ನೀರನ್ನೂ ಕುಡಿದವರಲ್ಲ. ಆಸ್ಪತ್ರೆಯಲ್ಲಿ ನರ್ಸು ಕೊಟ್ಟ ಮಾತ್ರೆಯ ನೀರನ್ನೂ ತೋರಿಸಿಯೇ ಕುಡಿದರು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಲೋಟ, ಕಣ್ಣು ಮುಚ್ಚಿ ಒಂದು ಗಳಿಗೆ. ಆ ಒಂದು ಗಳಿಗೆ ಪೂರ್ತಿ ನನ್ನದಾಗಿತ್ತು, ಮಾದೇವ. ‘ಮಾವ, ಅದು ಬೇಡ, ಅದರಲ್ಲಿ ಇರುವೆ ಬಿದ್ದಿದೆ’ ಎಂದಿದ್ದರೂ ಸಾಕಿತ್ತು. ಬಿಂದಿಗೆ ಸೊಂಟದ ಮೇಲೆ ಇಟ್ಟುಕೊಂಡು ಹಾಗೇ ನಿಂತಿದ್ದೆ. ಕೈಯಿಂದ ಕಿತ್ತುಕೊಂಡರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅವರು ಕುಡಿದು ಮುಗಿಸಿದ್ದರು.

ಏನೋ ಹೊಸ ರುಚಿ ಎಂದರು. ಲಾವಂಚದ ಬೇರು ಹಾಕಿದ್ದೀನಿ ಮಾವ, ನೋವಿಗೆ ಒಳ್ಳೆಯದಂತೆ ಎಂದೆ. ನೋಡು, ಸತ್ಯ ಹೇಳಲು ಏಳದ ನಾಲಿಗೆ ಸುಳ್ಳು ಹೇಳಲು ಎಷ್ಟು ಬೇಗ ಎದ್ದಿತು.

ಅವತ್ತು ಅವರು ಊಟ ಮಾಡಿ ಬೆಳಗಿನವರೆಗೆ ಮಲಗಿದರು. ಕಿಡ್ನಿಗೆ ಆಗುವುದಿಲ್ಲವೆಂದು ಡಾಕ್ಟರು ನೋವಿನ ಮಾತ್ರೆ ಕಡಿಮೆ ಮಾಡಿದ ಮೇಲೆ ಅಷ್ಟು ಮಲಗಿದ್ದು ಅದೇ ಮೊದಲು. ಮಾರನೆಯ ದಿನ ನನ್ನನ್ನು ಹತ್ತಿರ ಕರೆದು ಹೇಳಿದರು, “ಇವತ್ತೂ ಅದೇ ಪಾನಕ ಮಾಡವ್ವ ಗಿರಿಜಾ. ಕಾಲು ಒಸಿ ಸುಮ್ನಾಗೈತೆ.”

ಮೊದಲನೆಯದು ತಪ್ಪಿ ನಡೆದದ್ದು ಎನ್ನಬಹುದು. ಎರಡನೆಯದು? ಎರಡನೆಯದನ್ನು ನಾನು ಅಳತೆ ಮಾಡಿ ಮಾಡಿದೆ. ಒಂದು ಮುಚ್ಚಳ ಜಿನ್ನು, ವಾಸನೆ ಏಳದ ಹಾಗೆ ಜೇನು ಸ್ವಲ್ಪ ಜಾಸ್ತಿ, ಖಾರ ಅನ್ನಿಸಿದರೆ ಶುಂಠಿಯದು ಎನ್ನಲು ಒಂದು ಚೂರು ಶುಂಠಿ. ಆಮೇಲೆ ಒಂದು ಮುಚ್ಚಳ ಎರಡಾಯಿತು. ಯಾವ ಡಾಕ್ಟರನ್ನೂ ಕೇಳಲಿಲ್ಲ. ಬಾಟಲಿ ಮುಗಿದಾಗ ತವರಿನ ನೆಪ ಹೇಳಿ ಕನಕಪುರಕ್ಕೆ ಹೋಗಿ, ಜೋಸೆಫ್‌ಗೆ ಹೇಳಿ ಇನ್ನೊಂದು ತರಿಸಿಕೊಂಡೆ. ನೋವು ನೋಡಲಾರದೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಮನೆ ತಣ್ಣಗಿರುತ್ತಿತ್ತಲ್ಲ — ಅದು ಬೇಕಾಗಿತ್ತು ನನಗೆ. ನೋಡಲು ಬಂದವರ ಮುಂದೆಲ್ಲ, ನಮ್ಮ ಸೊಸೆ ಕೈಯ ಪಾನಕದಿಂದ ಎದ್ದು ಕೂತಿದ್ದೀನಿ ಎಂದು ಅವರು ಹೇಳುತ್ತಿದ್ದರಲ್ಲ — ಅದೂ ಬೇಕಾಗಿತ್ತು.

ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಕುಡಿದವರ ಮನೆಯ ನೀರು ಕುಡಿಯದ ಮನುಷ್ಯ. ಅವರ ಕೈಯಿಂದಲೇ, ದಿನಾ ಸಂಜೆ, ವಿಭೂತಿ ಹಚ್ಚಿಕೊಂಡ ಹಣೆಯಲ್ಲಿ, ಅದನ್ನು ಅವರ ಲಿಂಗಕ್ಕೆ ತೋರಿಸುವ ಹಾಗೆ ಮಾಡಿದೆ. ಎರಡು ತಿಂಗಳ ಹತ್ತಿರ. ಬೇರೆಯವರ ವ್ರತವನ್ನು ಅವರಿಗೇ ಗೊತ್ತಿಲ್ಲದೆ ಮುರಿಯುವುದಕ್ಕೆ ಏನೆಂದು ಹೆಸರು ಹೇಳಬೇಕೋ ನನಗೆ ತಿಳಿಯದು.

ಇನ್ನು ನಿನ್ನ ವಿಷಯ.

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾ ನೀನು ಕುಡಿತಕ್ಕೆ ಬಿದ್ದದ್ದು, ಒಂದು ಸಲ ಆಟೋ ಹಳ್ಳಕ್ಕೆ ಇಳಿಸಿದ್ದು, ಕೊರಳಿನ ಲಿಂಗವನ್ನು ಎಲ್ಲೋ ಬಿಚ್ಚಿಟ್ಟು ಮರೆತು ಬಂದದ್ದು — ಇವೆಲ್ಲ ಊರಿಗೇ ಗೊತ್ತು. ಬಿಟ್ಟದ್ದು ಹೇಗೆಂದು ನನಗೆ ಗೊತ್ತು. ಆ ದಿನ ನಾನು ಪಕ್ಕದಲ್ಲಿದ್ದೆ. ಅಪ್ಪಾಜಿ ಹೊಸ ಲಿಂಗ ತರಿಸಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು, ಸ್ವಾಮಿಗಳ ಮುಂದೆ ನಿನ್ನ ಕೊರಳಿಗೆ ಕಟ್ಟಿಸಿ ಒಂದೇ ಮಾತು ಹೇಳಿದರು. “ಮತ್ತೆ ಮುಟ್ಟಿದ್ ದಿನ ಇದನ್ನ ಬಿಚ್ಚಿ ನನ್ನ ಕೈಗ್ ಕೊಟ್ಬುಡು.” ನೀನು ತಲೆ ಬಗ್ಗಿಸಿದೆ. ಆಮೇಲೆ ಎರಡು ವರ್ಷ — ಒಂದು ದಿನ, ಒಂದೇ ಒಂದು ದಿನ ನೀನು ತಪ್ಪಲಿಲ್ಲ. ಕೈ ನಡುಗುತ್ತಿದ್ದ ಮೊದಲ ವಾರಗಳಲ್ಲಿ ನಿನಗೆ ಗಂಜಿ ಕುಡಿಸಿದವಳು ನಾನು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ನನ್ನ ತವರಿನ ಕಡೆಯ ಹುಡುಗಿಯನ್ನು ನಿನಗೆ ನೋಡಿದ್ದೂ ನಾನೇ. ನಮ್ಮ ಮೈದುನ ಈಗ ಚಿನ್ನ ಎಂದು ಕನಕಪುರದಲ್ಲಿ ಹತ್ತು ಜನರ ಮುಂದೆ ಹೇಳಿ ಬಂದಿದ್ದೆ. ಅವರು ಒಪ್ಪಿ ವೀಳ್ಯಶಾಸ್ತ್ರದ ಮಾತಾಗಿತ್ತು.

ಬಾಟಲಿಯನ್ನು ಮೊದಲು ನನ್ನ ಸೀರೆಗಳ ಅಡಿಯಲ್ಲಿ ಇಟ್ಟಿದ್ದೆ. ನಿನ್ನ ಅಣ್ಣ ಆ ಬೀರು ತೆಗೆಯುತ್ತಾರೆ ಎಂದು ಭಯವಾಗಿ ಉಗ್ರಾಣದ ರಾಗಿ ಡ್ರಮ್ಮಿಗೆ ಬದಲಾಯಿಸಿದೆ. ಉಗ್ರಾಣದಲ್ಲಿ ಮಲಗುತ್ತಿದ್ದವನು ನೀನು. ಡ್ರಮ್ಮಿನ ಪಕ್ಕ ನಿನ್ನ ಚಾಪೆ. ರಾಗಿಯನ್ನು ಮಿಲ್ಲಿಗೆ ಹಾಕಿಸುವುದು ಯಾವಾಗಲೂ ನಾನೇ ಆದ್ದರಿಂದ ಅದು ಭದ್ರವಾದ ಜಾಗ ಎಂದುಕೊಂಡೆ. ಅದೊಂದೇ ಕಾರಣವಾ? ಸಿಕ್ಕಿಬಿದ್ದರೆ ಯಾರ ಮೇಲೆ ಅನುಮಾನ ಬರುತ್ತದೆ ಎಂದು ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿರಲಿಲ್ಲವಾ? ಇದನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳಲು ಆಗುತ್ತಿಲ್ಲ.

ಆ ಭಾನುವಾರ ನಿನ್ನ ಅಣ್ಣನಿಗೆ ವಾರದ ರಜೆ. ಹೆಂಡತಿಗೆ ಸಹಾಯ ಮಾಡೋಣವೆಂದು, ಯಾವತ್ತೂ ಇಲ್ಲದ್ದು, ಮಿಲ್ಲಿಗೆ ರಾಗಿ ತುಂಬಲು ಹೋದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಡ್ರಮ್ಮನ್ನು ಓರೆ ಮಾಡಿ ಚೀಲಕ್ಕೆ ಸುರಿದಾಗ ರಾಗಿಯ ಜೊತೆ ಅದೂ ಉರುಳಿತು. ಆ ಸದ್ದು ಹಿತ್ತಲಿಗೆ ಕೇಳಿಸಿತು. ಏನೆಂದು ನೋಡದೆಯೇ ನನಗೆ ಗೊತ್ತಾಯಿತು — ಸೋಪು ಹಚ್ಚಿದ ಬಟ್ಟೆ ಕೈಯಲ್ಲೇ ಉಳಿಯಿತು.

ನಾನು ಒಳಗೆ ಬರುವಷ್ಟರಲ್ಲಿ ಬಾಟಲಿ ಅಪ್ಪಾಜಿಯ ಮಂಚದ ಮೇಲೆ ಇತ್ತು. ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ನೀನು ಆಟೋ ತೊಳೆಯುತ್ತಿದ್ದವನು ಒದ್ದೆ ಕೈಯಲ್ಲೇ ಬಂದು ನಿಂತೆ. ಅಪ್ಪಾಜಿ ಕೂಗಾಡಲಿಲ್ಲ. ಏನ್ಲಾ ಇದು ಎಂದು ಕೇಳಿದರು, ಅಷ್ಟೇ. ನಂದಲ್ಲ ಅಪ್ಪಾಜಿ ಎಂದೆ ನೀನು. ಎರಡು ಸಲ ಹೇಳಿದೆ. ನಿನ್ನ ಅಣ್ಣ, ಹಾಗಾದ್ರೆ ಡ್ರಮ್ಮಲ್ಲಿ ರಾಗಿ ಜೊತೆ ಬೆಳೀತಾ ಎಂದು ರೇಗಿದರು. ಆಗ ನೀನು ನನ್ನ ಕಡೆ ತಿರುಗಿದೆ.

“ಅತ್ಗೆ, ಮನೇಲಿರೋರು ನೀವು. ನೀವಾದ್ರೂ ಒಂದ್ ಮಾತು ಹೇಳಿ.”

ನಾನು ಹೇಳಿದೆ, “ನಂಗೇನೂ ಗೊತ್ತಿಲ್ಲ.”

ನಿನ್ನ ಮುಖ ನೋಡಿ ಹೇಳಲಿಲ್ಲ. ಕೈಯಲ್ಲಿದ್ದ ಸೋಪಿನ ನೊರೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದೆ.

ಅಪ್ಪಾಜಿಗೆ ಕೆಮ್ಮು ಹತ್ತಿಕೊಂಡಿತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹಿಂದಿನ ಸಂಜೆಯ ಲೋಟ ಹಾಗೇ ಇತ್ತು. ನೀನು ಅದನ್ನು ತೆಗೆದುಕೊಂಡು ಹೋಗಿ ನೀರು ತಂದುಕೊಟ್ಟೆ. ಅವರು ಕುಡಿದು ಸುಧಾರಿಸಿಕೊಳ್ಳುವವರೆಗೆ ನೀನೇ ಬೆನ್ನು ಸವರುತ್ತಾ ನಿಂತಿದ್ದೆ. ಆಮೇಲೆ ನೀನು ಹೇಳಿದೆ, “ನಂದೇ ಅಪ್ಪಾಜಿ. ತಪ್ಪಾಯ್ತು.”

ಅವರು ಕೈ ಚಾಚಿದರು. ಬಿಚ್ಚು ಎಂದರು. ನೀನು ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆಯಲು ಹೋದೆ, ಕಿವಿಗೆ ಸಿಕ್ಕಿಕೊಂಡಿತು. ಎರಡೂ ಕೈಯಿಂದ ಬಿಡಿಸಿ, ಕರಡಿಗೆಯನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ಅವರ ಅಂಗೈಯಲ್ಲಿಟ್ಟೆ. ಅದರ ಮೇಲೆ ನಿನ್ನ ಒದ್ದೆ ಕೈಯ ನೀರಿತ್ತು. ಅವರು ಪಂಚೆಯ ತುದಿಯಿಂದ ಅದನ್ನು ಒರೆಸಿದರು. ಸಂಜೆಗೆ ಮುಂಚೆ ನೀನು ಬಟ್ಟೆಯ ಚೀಲ ತೆಗೆದುಕೊಂಡು ಹೋದೆ. ನಾನು ಬಟ್ಟೆ ಒಣಹಾಕಿದೆ.

ಕನಕಪುರದವರು ಫೋನ್ ಮಾಡಿ ನನ್ನನ್ನೇ ಕೇಳಿದರು, ಕೇಳಿದ್ದು ನಿಜವಾ ಎಂದು. ನಾನೇನು ಹೇಳಲಿ ಎಂದೆ. ಆ ಎರಡು ಪದ ಸಾಕಾಯಿತು, ಸಂಬಂಧ ಮುರಿದುಹೋಯಿತು. ನೀನು ಬಿಡದಿಯಲ್ಲಿ ಗೋಡೌನಿಗೆ ಸೇರಿದೆಯೆಂದು ಗೊತ್ತಾಯಿತು. ಮೂರೇ ತಿಂಗಳಲ್ಲಿ ನೀನು ನಿಜವಾಗಿಯೂ ಕುಡಿಯಲು ಶುರುಮಾಡಿದೆ ಎಂದೂ ಗೊತ್ತಾಯಿತು. ಮೊದಲೇ ಹೇಳಿರಲಿಲ್ಲವಾ ಎಂದರು ಎಲ್ಲರೂ. ಆ ದಿನ ನನಗೆ ಏನನ್ನಿಸಿತು ಗೊತ್ತಾ? ಬರೆಯಲು ನಾಚಿಕೆಯಾಗುತ್ತದೆ. ಹಗುರ ಅನ್ನಿಸಿತು. ಸುಳ್ಳು ನಿಜವಾಯಿತಲ್ಲ, ಇನ್ನು ನನ್ನದೇನಿದೆ ಎಂದು.

ಆಮೇಲೆ ಮನೆಯೊಳಗೆ ಒಂದು ಹನಿ ತರಲಿಲ್ಲ, ಕುಡಿಯಲೂ ಇಲ್ಲ. ಅಪ್ಪಾಜಿಗೆ ಬರೀ ಜೇನು ನಿಂಬೆ ನೀರು ಕೊಟ್ಟೆ. ಲಿಂಗಕ್ಕೆ ತೋರಿಸಿ ಒಂದು ಗುಟುಕು ಕುಡಿದು ಕೆಳಗಿಡುತ್ತಿದ್ದರು. ನೋವು ವಾಪಸು ಬಂತು. ಅಂಗಡಿಯ ಜೇನು ಮಾವ, ಅದಕ್ಕೇ ರುಚಿ ಇಲ್ಲ ಎಂದು ನಾನು ಒಂದು ದಿನ ಹೇಳಿದೆ. ಅವರು ಬಾಗಿಲ ಕಡೆ ನೋಡಿ ಹೇಳಿದರು, “ಜೇನು ತರೋನು ಹೋದ್ನಲ್ಲವ್ವ.”

ಅಷ್ಟು ಹೇಳಿದ್ದರು ಅವರು. ನಿನ್ನ ಹೆಸರು ಹೇಳಲಿಲ್ಲ, ಆದರೆ ನಿನ್ನನ್ನೇ ಕರೆದರು. ನಾನು ಆಗ ಬಾಯಿ ಬಿಟ್ಟಿದ್ದರೆ ಅವತ್ತೇ ಆಳು ಕಳಿಸಿ ನಿನ್ನನ್ನು ಕರೆಸುತ್ತಿದ್ದರು. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ. ಅವರು ಹೋದದ್ದು ಅದಾದ ಆರನೇ ವಾರಕ್ಕೆ. ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು, ಕೂರಿಸಿ ಮಣ್ಣು ಮಾಡಿದರು. ನೀನು ಹೊಲದ ಬದುವಿನ ಮೇಲೆ ದೂರ ನಿಂತಿದ್ದೆ. ನಿನ್ನ ಕಡೆಯಿಂದ ವಾಸನೆ ಬರುತ್ತಿದೆ ಎಂದು ಹೆಂಗಸರು ಮೂಗಿಗೆ ಸೆರಗು ಹಿಡಿದರು. ನಾನೂ ಹಿಡಿದೆ.

ಇಷ್ಟು ಹೊತ್ತೂ ಒಂದು ಮಾತು ಬಿಟ್ಟು ಬರೆದಿದ್ದೇನೆ. ಬಿಟ್ಟೇ ಮುಗಿಸಿಬಿಡೋಣ ಎಂದೂ ಅನ್ನಿಸಿತ್ತು.

ಅವತ್ತು ನೀನು ಸ್ಟೂಲಿನ ಮೇಲಿನ ಲೋಟ ತೆಗೆದುಕೊಂಡೆಯಲ್ಲ — ನೀರು ತರಲು. ನಲ್ಲಿಯ ಹತ್ತಿರ ಹೋದವನು ನಿಂತೆ. ಲೋಟವನ್ನು ಮೂಗಿನ ಹತ್ತಿರ ತಂದೆ. ತಳದಲ್ಲಿ ಜೇನು ಒಣಗಿ ಅಂಟಿಕೊಂಡಿತ್ತು. ಜೇನು ಎಲ್ಲರಿಗೂ ಆ ವಾಸನೆಯನ್ನು ಮುಚ್ಚುತ್ತದೆ, ಆದರೆ ಅದನ್ನು ಬಿಡಲು ಎರಡು ವರ್ಷ ಒದ್ದಾಡಿದವನಿಗೆ ಮುಚ್ಚುವುದಿಲ್ಲ. ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಆಮೇಲೆ ಮಂಚದ ಮೇಲೆ ಕೆಮ್ಮುತ್ತಿದ್ದ ಅಪ್ಪಾಜಿಯನ್ನು ನೋಡಿದೆ, ಅವರ ಎದೆಯ ಮೇಲಿದ್ದ ಲಿಂಗವನ್ನು. ಲೋಟವನ್ನು ಒಂದು ಸಲ ತೊಳೆದೆ. ಎರಡು ಸಲ, ಮೂರು ಸಲ ತೊಳೆದೆ. ನೀರು ಹಿಡಿದು ತಂದುಕೊಟ್ಟೆ. ಆಮೇಲೆ ನಂದೇ ಎಂದೆ.

ನಾನು ಇದನ್ನು ನೋಡಿದೆ. ನೋಡಿದರೂ ನೋಡಿಲ್ಲ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಮ್ಮನೆ ಲೋಟ ಕೊಳಕಾಗಿತ್ತು ಅಂತ ತೊಳೆದ, ಅವನದೂ ಎಲ್ಲೋ ಒಂದು ಬಾಟಲಿ ಇದ್ದಿರಬೇಕು, ಅದಕ್ಕೇ ಒಪ್ಪಿಕೊಂಡ — ಹೀಗೆ ಏನೇನೋ. ಮನುಷ್ಯರು ತಮ್ಮನ್ನು ತಾವು ಉಳಿಸಿಕೊಳ್ಳಲು ಎಂಥೆಂಥ ಕಥೆ ಕಟ್ಟುತ್ತಾರೆ ನೋಡು.

ಹೋದ ತಿಂಗಳು ಬೈರಮಂಗಲದ ಕೆರೆಯ ಕಡೆಯ ಬಸ್ ಸ್ಟಾಪಿನಲ್ಲಿ ನೀನು ಸಿಕ್ಕೆ. ಬೆಳಗ್ಗೆ ಹತ್ತು ಗಂಟೆ, ಆಗಲೇ ಕುಡಿದಿದ್ದೆ. ಆದರೂ ನನ್ನನ್ನು ಕಂಡೊಡನೆ ಎದ್ದು ನಿಂತು, ಎತ್ತಿ ಕಟ್ಟಿದ್ದ ಲುಂಗಿ ಇಳಿಸಿದೆ. ಚೆನ್ನಾಗಿದ್ದೀರಾ ಎಂದು ಕೇಳಿದೆ. ಮಾತಾಡುವಾಗ ನಿನ್ನ ಬಲಗೈ ಎದೆಯ ಹತ್ತಿರ ಹೋಗಿ, ಅಲ್ಲಿ ಏನೂ ಸಿಗದೆ, ಅಂಗಿಯ ಗುಂಡಿ ಹಿಡಿದುಕೊಂಡಿತು. ಬಸ್ಸು ಬಂತು. ನಾನು ಹತ್ತುವಾಗ ನೀನು ಕಿಟಕಿಯ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಕೇಳಿದೆ.

“ಕೊನೇಗಂಟ್ಲೂ ಅಪ್ಪಾಜಿಗೆ ಗೊತ್ತಾಗ್ಲಿಲ್ಲ ಅಲ್ವಾ ಅತ್ಗೆ?”

ನಾನು ಇಲ್ಲ ಎಂದು ತಲೆಯಾಡಿಸಿದೆ. ಸದ್ಯ ಎಂದೆ ನೀನು. ನಿನಗೆ ಸಮಾಧಾನವಾಯಿತು. ಮಾಗಡಿಯವರೆಗೂ ನನ್ನ ಕಣ್ಣಿನಲ್ಲಿ ನೀರು ನಿಲ್ಲಲಿಲ್ಲ, ಪಕ್ಕದಲ್ಲಿ ಕೂತವರು ಯಾರು ಹೋಗಿಬಿಟ್ಟರು ಎಂದು ಕೇಳಿದರು.

ಲಿಂಗಕ್ಕೆ ತಾವು ತೋರಿಸಿದ್ದು ಏನು ಎಂದು ಗೊತ್ತಾದರೆ ಆ ಮುದುಕರು ಅವತ್ತೇ ಅನ್ನ ನೀರು ಬಿಡುತ್ತಾರೆ ಎಂದು ನೀನು ನಿನ್ನ ಕೊರಳನ್ನು ಖಾಲಿ ಮಾಡಿಕೊಂಡೆ. ನಾನೂ ಅದೇ ಮಾತನ್ನು ನನ್ನ ನೆಪ ಮಾಡಿಕೊಂಡಿದ್ದೆ — ನಿಜ ಹೇಳಿದರೆ ಮಾವ ಉಳಿಯುವುದಿಲ್ಲ, ಅದಕ್ಕೇ ಸುಮ್ಮನಿದ್ದೇನೆ ಎಂದು. ಈಗ ಬರೆಯುತ್ತಾ ಕೂತಾಗ ಕಾಣಿಸುತ್ತಿದೆ, ಅದೂ ಸುಳ್ಳು. ಲೋಟದ ಮಾತು ಎತ್ತುವ ಅಗತ್ಯವೇ ಇರಲಿಲ್ಲ. ಬಾಟಲಿ ನನ್ನದು, ಕುಡಿದವಳು ನಾನು ಎಂದಿದ್ದರೆ ಸಾಕಾಗಿತ್ತು. ಅಪ್ಪಾಜಿಯ ವ್ರತವೂ ಉಳಿಯುತ್ತಿತ್ತು, ನೀನೂ ಉಳಿಯುತ್ತಿದ್ದೆ. ಹೋಗುತ್ತಿದ್ದದ್ದು ನನ್ನ ಮರ್ಯಾದೆ ಒಂದೇ. ಅದನ್ನು ಉಳಿಸಿಕೊಳ್ಳಲು ನಿನ್ನನ್ನು ಕೊಟ್ಟೆ.

ನಿನ್ನ ಲಿಂಗ ಇನ್ನೂ ಅಪ್ಪಾಜಿಯ ಪೂಜೆಯ ಪೆಟ್ಟಿಗೆಯಲ್ಲಿದೆ. ಕೊನೆಯ ದಿನದವರೆಗೂ ತಮ್ಮ ಲಿಂಗದ ಪೂಜೆಯಾದ ಮೇಲೆ ಅದಕ್ಕೂ ಒಂದು ಎಸಳು ಹೂವಿಡುತ್ತಿದ್ದರು. ಈಗ ನಾನು ಇಡುತ್ತಿದ್ದೇನೆ. ಇಡುವ ಯೋಗ್ಯತೆ ಇದೆಯೆಂದಲ್ಲ, ಬೇರೆ ಯಾರೂ ಆ ಪೆಟ್ಟಿಗೆ ತೆಗೆಯುವುದಿಲ್ಲ.

ನಾಳೆ ಭಾ‍ನುವಾರ. ಬೆಳಗ್ಗೆ ಮೊದಲು ನಿನ್ನ ಅಣ್ಣನಿಗೆ ಹೇಳುತ್ತೇನೆ. ಅವರು ಏನು ಹೇಳಿದರೂ ಕೇಳಿಕೊಂಡು, ಬಿಡದಿ ಬಸ್ಸು ಹತ್ತಿ ಈ ಕಾಗದವನ್ನೂ ಕರಡಿಗೆಯನ್ನೂ ನಿನ್ನ ಕೈಗೆ ಕೊಡುತ್ತೇನೆ. ಸೋಮವಾರ ನೆಂಟರೆಲ್ಲ ಊಟಕ್ಕೆ ಕೂರುವ ಮೊದಲು, ನೀನು ಬಂದರೂ ಬರದಿದ್ದರೂ, ಎಲ್ಲರ ಮುಂದೆ ನಿಂತು ಹೇಳುತ್ತೇನೆ — ಬಾರಿನಲ್ಲಿ ಕೆಲಸ ಮಾಡಿದವಳು ನಾನು, ಬಾಟಲಿ ನನ್ನದು, ಕುಡಿದವಳು ನಾನು. ಲೋಟದ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ಅದನ್ನು ನೀನು ಮೂರು ಸಲ ತೊಳೆದು ಇಟ್ಟಿದ್ದೀಯ, ಅದು ತೊಳೆದ ಹಾಗೇ ಇರಲಿ. ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ತಿಳಿಯುವುದಿಲ್ಲ. ನಿನ್ನ ಅಣ್ಣನಿಗೂ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಹೋದ ವರ್ಷಗಳು, ಆ ಹುಡುಗಿ, ನಿನ್ನ ಕೈ ಮತ್ತೆ ನಡುಗುವುದು — ಇವುಗಳಲ್ಲಿ ಒಂದನ್ನೂ ವಾಪಸು ತರಲು ನನ್ನಿಂದ ಆಗುವುದಿಲ್ಲ. ನನ್ನಿಂದ ಆಗುವುದು ಒಂದೇ. ಅವತ್ತು ಒಂದು ಮಾತು ಹೇಳಿ ಎಂದು ನೀನು ಕೇಳಿದೆಯಲ್ಲ, ಅದಕ್ಕೆ ಉತ್ತರ.

ನನಗೆ ಗೊತ್ತಿತ್ತು, ಮಾದೇವ. ಎಲ್ಲವೂ ಗೊತ್ತಿತ್ತು.